ಔಷಧದ ಬಾಟಲಿಯೋ, ಗಾಂಜಾ ಪೊಟ್ಟಣವೋ: ಸಾಗರ, ಹೊಸನಗರ, ತೀರ್ಥಹಳ್ಳಿಯವರಿಗೆ ಹನ್ನೊಂದು ಸೂತ್ರಗಳು

ಕೆನಡಾ, ಕ್ಯಾಲಿಫೋರ್ನಿಯಾದಲ್ಲಿ ಗಾಂಜಾ ಕೊಳ್ಳುವವರಿಗೆ ಎರಡು ದಾರಿಗಳಿವೆ: ವೈದ್ಯರ ಚೀಟಿ ಹಿಡಿದು ಔಷಧವಾಗಿ ತರುವುದು ಒಂದು, ವಯಸ್ಸಿನ ಗುರುತಿನ ಚೀಟಿ ತೋರಿಸಿ ಅಮಲಿಗಾಗಿ ತರುವುದು ಇನ್ನೊಂದು. ಅಲ್ಲಿರುವ ನಮ್ಮ ಮಕ್ಕಳು ಫೋನಿನಲ್ಲಿ ಹೇಳುವುದು ಈ ಸಂಗತಿಯನ್ನೇ. ಅದನ್ನು ಕೇಳಿದ ಮಲೆನಾಡಿನ ಹಿರಿಯರು, ಸೊಂಟನೋವು ಕಾಡುವವರು, ಕಿಮೋಥೆರಪಿ ಮಾಡಿಸಿಕೊಂಡು ವಾಂತಿಯಲ್ಲಿ ಬಳಲುವವರು, ಇಲ್ಲೂ ಹಾಗೇ ಇರಬಹುದು ಎಂದುಕೊಳ್ಳುತ್ತಾರೆ. ಇಲ್ಲ. ಸಾಗರದಲ್ಲಾಗಲಿ, ಹೊಸನಗರದಲ್ಲಾಗಲಿ, ತೀರ್ಥಹಳ್ಳಿಯಲ್ಲಾಗಲಿ ಅಮಲಿನ ಗಾಂಜಾಕ್ಕೆ ಕಾನೂನಿನ ಅಂಗಡಿ ಇಲ್ಲ. ಔಷಧದ ದಾರಿ ಇದೆ, ಅದು ಕಿರಿದು. ಆ ದಾರಿಯಲ್ಲಿ ನಡೆಯುವುದು ಹೇಗೆ, ಪಕ್ಕದ ಹೊಂಡಕ್ಕೆ ಬೀಳದಿರುವುದು ಹೇಗೆ ಎಂಬುದಕ್ಕೆ ಈ ಸೂತ್ರಗಳು.

1. ಕಾನೂನಿನ ಗೆರೆ ಎಲ್ಲಿದೆ ಎಂದು ಮೊದಲು ತಿಳಿಯಿರಿ

ಪರವಾನಗಿ ಪಡೆದ ಗಾಂಜಾ ಅಂಗಡಿಗಳನ್ನು ಕಂಡ ಹಿರಿಯರು ಇನ್ನೂ ಇದ್ದಾರೆ. ಆ ಕಾಲಕ್ಕೆ ತೆರೆ ಬಿದ್ದದ್ದು 1985ರಲ್ಲಿ. ಎಲ್ಲರೂ ಎನ್‌ಡಿಪಿಎಸ್ ಎನ್ನುವ ಮಾದಕ ವಸ್ತು ಕಾಯ್ದೆ ಆ ವರ್ಷದ ನವೆಂಬರ್ 14ರಂದು ಜಾರಿಗೆ ಬಂತು. ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ ಈ ಕಾಯ್ದೆಯ ಪ್ರಕಾರ ಗಾಂಜಾ, ಗಿಡದಿಂದ ತೆಗೆದ ಅಂಟು ಚರಸ್. ತುದಿ ಸೇರದ ಬರಿಯ ಎಲೆ ಮತ್ತು ಬೀಜವನ್ನು ಕಾಯ್ದೆ ಗಾಂಜಾದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಆದರೆ ಬೀದಿಯಲ್ಲಿ ಸೊಪ್ಪು ಎಂದು ಮಾರುವ ಪೊಟ್ಟಣದಲ್ಲಿರುವುದು ಒಣಗಿಸಿದ ಹೂವಿನ ತೆನೆ. ಸಿಕ್ಕಿಬಿದ್ದ ಮೇಲೆ ಎಲೆಯೆಂದು ವಾದಿಸಿ ಪ್ರಯೋಜನವಿಲ್ಲ.

ಶಿಕ್ಷೆಯ ಲೆಕ್ಕವೂ ಗೊತ್ತಿರಲಿ. 1 ಕಿಲೋವರೆಗಿನ ಗಾಂಜಾ 'ಅಲ್ಪ ಪ್ರಮಾಣ'. ಅದಕ್ಕೆ ಒಂದು ವರ್ಷದವರೆಗೆ ಕಠಿಣ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಅದಕ್ಕಿಂತ ಹೆಚ್ಚಿದ್ದರೆ 10 ವರ್ಷದವರೆಗೆ. 20 ಕಿಲೋ ದಾಟಿದರೆ 'ವಾಣಿಜ್ಯ ಪ್ರಮಾಣ'ವಾಗಿ ಸಜೆ 10 ವರ್ಷಕ್ಕಿಂತ ಕಡಿಮೆಯಾಗುವುದಿಲ್ಲ, ಜಾಮೀನು ಸಿಗುವುದೂ ಬಲು ಕಷ್ಟ. ನನಗೆ ನೋವಿತ್ತು, ಅದಕ್ಕೇ ತಂದೆ ಎಂಬ ಮಾತಿಗೆ ಈ ಲೆಕ್ಕದಲ್ಲಿ ಜಾಗವಿಲ್ಲ.

2. ಲೇಬಲ್ ಓದದೆ ಬಾಟಲಿಗೆ ದುಡ್ಡು ಕೊಡಬೇಡಿ

ನಮ್ಮಲ್ಲಿ ಕಾನೂನುಬದ್ಧವಾಗಿ ಸಿಗುವ ಗಾಂಜಾ ಸಂಬಂಧಿ ಔಷಧ ಎಂದರೆ ಮುಖ್ಯವಾಗಿ ಆಯುರ್ವೇದದ್ದು. ಗ್ರಂಥಗಳಲ್ಲಿ ಇದರ ಹೆಸರು ವಿಜಯಾ, ಭಂಗಾ. ಔಷಧ ನಿಯಮಗಳ ಇ(1) ಅನುಸೂಚಿಯಲ್ಲಿ, ಅಂದರೆ ಆಯುರ್ವೇದದ ವಿಷದ್ರವ್ಯಗಳ ಪಟ್ಟಿಯಲ್ಲಿ, ದತ್ತೂರ, ವತ್ಸನಾಭಿ, ಭಲ್ಲಾತಕಗಳ ಸಾಲಿನಲ್ಲೇ ಭಂಗಿಯೂ ಇದೆ. ಬೀಜಕ್ಕೆ ಮಾತ್ರ ವಿನಾಯಿತಿ. ಈ ಪಟ್ಟಿಯ ದ್ರವ್ಯ ಸೇರಿದ ಹೊಟ್ಟೆಗೆ ತೆಗೆದುಕೊಳ್ಳುವ ಔಷಧದ ಮೇಲೆ, ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕು ಎಂಬ ಎಚ್ಚರಿಕೆ ಅಚ್ಚಾಗಿರಲೇಬೇಕು.

ಬಾಟಲಿಯನ್ನು ಕೈಯಲ್ಲಿ ಹಿಡಿದು, ಕನ್ನಡಕ ಹಾಕಿಕೊಂಡು, ಒಂದೊಂದೇ ಸಾಲು ನೋಡಿ. ತಯಾರಕರ ಹೆಸರು ಮತ್ತು ಪೂರ್ಣ ವಿಳಾಸ. ತಯಾರಿಕಾ ಪರವಾನಗಿ ಸಂಖ್ಯೆ. ಬ್ಯಾಚ್ ಸಂಖ್ಯೆ. ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು. ಯಾವ ದ್ರವ್ಯ ಎಷ್ಟು ಮಿಲಿಗ್ರಾಂ. ಗಿಡದ ಯಾವ ಭಾಗ: 'ಪತ್ರ' ಅಂದರೆ ಎಲೆ ಎಂದಿದೆಯೇ? ಆ ಎಚ್ಚರಿಕೆಯ ಸಾಲು ಇದೆಯೇ? ಇವುಗಳಲ್ಲಿ ಒಂದು ಇಲ್ಲದಿದ್ದರೂ ಬಾಟಲಿಯನ್ನು ವಾಪಸ್ ಕೊಡಿ. ಇಷ್ಟೂ ಇದ್ದರೆ ಬಿಲ್ ಕೇಳಿ. ಬಿಲ್ ಮತ್ತು ವೈದ್ಯರ ಚೀಟಿಯನ್ನು ಔಷಧದ ಜೊತೆಯಲ್ಲೇ ಇಟ್ಟುಕೊಳ್ಳಿ, ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗುವಾಗಲೂ. ಪೊಟ್ಟಣಕ್ಕೂ ಔಷಧಕ್ಕೂ ಇರುವ ವ್ಯತ್ಯಾಸ ನಿಮ್ಮ ಆರೋಗ್ಯದ ಮಟ್ಟಿಗೆ ಈ ಲೇಬಲ್‌ನಲ್ಲಿದೆ, ಪೊಲೀಸರ ಮಟ್ಟಿಗೆ ಆ ಬಿಲ್‌ನಲ್ಲಿದೆ.

ಇನ್ನೊಂದು ಸಂಗತಿ. ಜಾತೀಫಲಾದಿ ಚೂರ್ಣ ಎಂಬ ಔಷಧ ಗ್ರಹಣಿ, ಭೇದಿಗೆ ಹಳೆಯ ಕಾಲದಿಂದ ಬಳಕೆಯಲ್ಲಿದೆ. ಹೆಸರು ಕೇಳಿ ನಮ್ಮ ತೋಟದ ಜಾಯಿಕಾಯಿಯ ಪುಡಿ ತಾನೆ ಎಂದು ಚಮಚ ಚಮಚ ತಿನ್ನುವವರಿದ್ದಾರೆ. ಅದರ ಪಾಠದಲ್ಲಿ ಭಂಗಿಯೂ ಇದೆ, ಗಣನೀಯ ಪ್ರಮಾಣದಲ್ಲೇ ಇದೆ. ಮಕ್ಕಳ ಕೈಗೆ ಸಿಗದಂತೆ ಇಡಿ. ವೈದ್ಯರು ಹೇಳಿದ ಅಳತೆ ಮೀರಬೇಡಿ.

3. ಬೀಜದ ಎಣ್ಣೆ ಔಷಧವಲ್ಲ, ಆಹಾರ

2021ರ ನವೆಂಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಹೆಂಪ್ ಬೀಜ, ಅದರ ಹಿಟ್ಟು ಮತ್ತು ಎಣ್ಣೆಯನ್ನು ಆಹಾರವಾಗಿ ಮಾರಲು ಅನುಮತಿ ಕೊಟ್ಟಿತು. ಅದರಲ್ಲಿ ಒಳ್ಳೆಯ ಕೊಬ್ಬು, ಪ್ರೋಟೀನ್ ಇದೆ. ನೋವು ಕಳೆಯುವ, ನಿದ್ದೆ ತರುವ ಅಂಶ ಇಲ್ಲ. ಬೀಜದ ಎಣ್ಣೆಯನ್ನೇ 'ಗಾಂಜಾ ಎಣ್ಣೆ' ಎಂದು ಔಷಧದ ದರಕ್ಕೆ ಮಾರುವವರಿಂದ ದೂರವಿರಿ.

4. 'ಯಾವ ಕಾಯಿಲೆಗೆ?' ಎಂದು ಕೇಳಿ

ಗಾಂಜಾದ ಅಂಶಗಳಿಂದ ಉಪಯೋಗ ಇದೆ ಎಂಬುದಕ್ಕೆ ಗಟ್ಟಿ ಆಧಾರ ಇರುವ ತೊಂದರೆಗಳ ಪಟ್ಟಿ ಚಿಕ್ಕದು: ಕಿಮೋಥೆರಪಿಯ ವಾಕರಿಕೆ ಮತ್ತು ವಾಂತಿ, ಮಲ್ಟಿಪಲ್ ಸ್ಕ್ಲಿರೋಸಿಸ್‌ನ ಸ್ನಾಯು ಸೆಳೆತ, ಮಕ್ಕಳಲ್ಲಿ ಕಾಣುವ ಕೆಲವು ಅಪರೂಪದ ಮೂರ್ಛೆರೋಗಗಳು, ಸ್ವಲ್ಪಮಟ್ಟಿಗೆ ದೀರ್ಘಕಾಲದ ನೋವು. ಗಾಂಜಾ ಗಿಡದ ಸಿಬಿಡಿ ಅಂಶದಿಂದ ತಯಾರಾದ ಎಪಿಡಿಯೊಲೆಕ್ಸ್ ಎಂಬ ಔಷಧಕ್ಕೆ ಅಮೆರಿಕದ ಔಷಧ ಪ್ರಾಧಿಕಾರ 2018ರಲ್ಲಿ ಅನುಮೋದನೆ ಕೊಟ್ಟದ್ದು ಡ್ರವೆ ಮತ್ತು ಲೆನಾಕ್ಸ್-ಗ್ಯಾಸ್ಟೊ ಎಂಬ ಎರಡು ಬಗೆಯ ಮೂರ್ಛೆರೋಗಕ್ಕೆ. ಎಲ್ಲ ಮೂರ್ಛೆರೋಗಕ್ಕಲ್ಲ.

ಗಾಂಜಾ ಎಣ್ಣೆ ಕ್ಯಾನ್ಸರನ್ನೇ ಗುಣಪಡಿಸುತ್ತದೆ ಎಂಬ ವಾಟ್ಸಾಪ್ ಸಂದೇಶ ನಮ್ಮ ಕಡೆ ತುಂಬಾ ಸುತ್ತುತ್ತದೆ. ಮನುಷ್ಯರಲ್ಲಿ ಅದಕ್ಕೆ ಪುರಾವೆ ಇಲ್ಲ. ಆನಂದಪುರದ ಸಮೀಪದ ನರಸೀಪುರಕ್ಕೆ ದೇಶದ ಮೂಲೆಮೂಲೆಯಿಂದ ಕ್ಯಾನ್ಸರ್ ರೋಗಿಗಳು ನಾಟಿ ಔಷಧಕ್ಕಾಗಿ ಬಂದು ಸಾಲು ನಿಂತದ್ದನ್ನು ಕಂಡ ತಾಲ್ಲೂಕು ಸಾಗರ. ಆ ಸಾಲಿನಲ್ಲಿದ್ದವರ ಆಸೆ, ಆತಂಕ ನಮಗೆ ಗೊತ್ತು. ಆ ಆತಂಕವನ್ನೇ ಬಂಡವಾಳ ಮಾಡಿಕೊಂಡು ಬಾಟಲಿ ಮಾರುವವರು ಇದ್ದಾರೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ: ನಡೆಯುತ್ತಿರುವ ಕ್ಯಾನ್ಸರ್ ಚಿಕಿತ್ಸೆಯನ್ನು ಯಾವ ಎಣ್ಣೆಗಾಗಿಯೂ ನಿಲ್ಲಿಸಬೇಡಿ.

5. ಈಗ ನುಂಗುತ್ತಿರುವ ಮಾತ್ರೆಗಳ ಚೀಟಿಯನ್ನು ವೈದ್ಯರ ಮುಂದೆ ಇಡಿ

ರಕ್ತ ತೆಳುವಾಗಿಸುವ ವಾರ್ಫರಿನ್, ಮೂರ್ಛೆರೋಗದ ಕ್ಲೋಬಜಮ್, ನಿದ್ದೆ ಮಾತ್ರೆಗಳು: ಇವುಗಳ ಜೊತೆ ಗಾಂಜಾದ ಅಂಶ ಸೇರಿದರೆ ಪರಿಣಾಮ ಏರುಪೇರಾಗುತ್ತದೆ. ವಯಸ್ಸಾದವರಲ್ಲಿ ರಕ್ತದೊತ್ತಡ ಥಟ್ಟನೆ ಇಳಿದು ತಲೆಸುತ್ತು ಬರುವುದುಂಟು. ಮಳೆಗಾಲದ ಜಾರು ಅಂಗಳದಲ್ಲಿ ಬಿದ್ದು ಸೊಂಟ ಮುರಿದುಕೊಂಡರೆ ಮೊದಲಿನ ನೋವೇ ಲೇಸು ಎನಿಸುತ್ತದೆ. ಹೃದ್ರೋಗ ಇರುವವರು, ಗರ್ಭಿಣಿಯರು, ಮನೆಯಲ್ಲಿ ಯಾರಿಗಾದರೂ ಸ್ಕಿಜೋಫ್ರೇನಿಯಾದಂಥ ಕಾಯಿಲೆ ಇದ್ದವರು ಇದರ ತಂಟೆಗೇ ಹೋಗಬಾರದು.

ಹೊಟ್ಟೆಗೆ ತೆಗೆದುಕೊಂಡದ್ದು ಏರುವುದು ನಿಧಾನ, ಅರ್ಧ ಗಂಟೆಯಿಂದ ಎರಡು ಗಂಟೆ ಬೇಕಾಗಬಹುದು. ಏನೂ ಆಗಲಿಲ್ಲವಲ್ಲ ಎಂದು ಇನ್ನೊಂದು ಪಾಲು ತೆಗೆದುಕೊಂಡವರೇ ಆಮೇಲೆ ಎದೆ ಬಡಿತ, ಗಾಬರಿ ಎಂದು ರಾತ್ರಿ ಆಸ್ಪತ್ರೆ ಸೇರುವುದು.

6. ಹೈಕೋರ್ಟಿನ ಭಂಗಿ ಆದೇಶವನ್ನು ಪೂರ್ತಿ ತಿಳಿಯಿರಿ

2022ರಲ್ಲಿ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಭಂಗಿಯು ಎನ್‌ಡಿಪಿಎಸ್ ಕಾಯ್ದೆಯಡಿ ಬರುವುದಿಲ್ಲ ಎಂದು ಹೇಳಿತು. ಆಗಿನಿಂದ ಭಂಗಿ ಮುಕ್ತವಾಯಿತು ಎಂಬ ಮಾತು ಹಬ್ಬಿದೆ. ಅದು ಜಾಮೀನು ಅರ್ಜಿಯ ಮೇಲಿನ ಆದೇಶ. ಆರೋಪಿಯ ಬಳಿ ಸಿಕ್ಕಿದ್ದು ಸುಮಾರು 29 ಕಿಲೋ ಭಂಗಿ ಮತ್ತು 400 ಗ್ರಾಂ ಗಾಂಜಾ, ಜಾಮೀನು ಸಿಗುವ ಹೊತ್ತಿಗೆ ಆತ ಜೈಲು ಸೇರಿ ಆಗಿತ್ತು. ರಾಜ್ಯದ ಅಬಕಾರಿ ಕಾನೂನು ಬೇರೆಯೇ ಇದೆ. ಎಲೆಯ ರಾಶಿಯಲ್ಲಿ ಹೂವಿನ ತುದಿ ಇದೆಯೇ ಎಂದು ಹೇಳಬೇಕಾದದ್ದು ಪ್ರಯೋಗಾಲಯ. ವರದಿ ಬರುವವರೆಗೆ ಕಾಯುವವರು ನೀವು.

7. ಒಂದೇ ಒಂದು ಗಿಡವನ್ನೂ ಬೆಳೆಸಬೇಡಿ

ಗಿಡ ಬೆಳೆಸುವುದಕ್ಕೆ 'ಅಲ್ಪ ಪ್ರಮಾಣ' ಎಂಬ ರಿಯಾಯಿತಿ ಇಲ್ಲ. ಹಿತ್ತಲಲ್ಲಿ ಒಂದು ಗಿಡವಿದ್ದರೂ 20ನೇ ಕಲಮು, 10 ವರ್ಷದವರೆಗೆ ಕಠಿಣ ಸಜೆ, 1 ಲಕ್ಷದವರೆಗೆ ದಂಡ. ಉತ್ತರಾಖಂಡದಲ್ಲಿ ಹೆಂಪ್ ಕೃಷಿಗೆ ಅನುಮತಿ ಇದೆಯಲ್ಲ ಎನ್ನುವವರಿಗೆ: ಅಲ್ಲಿ ಸರ್ಕಾರ ಪರವಾನಗಿ ಕೊಡುವುದು ಅಮಲಿನ ಅಂಶ ಶೇ 0.3 ಮೀರದ ತಳಿಗೆ, ನಾರು ಮತ್ತು ಬೀಜಕ್ಕಾಗಿ. ಅಂಥ ಪರವಾನಗಿ ಇಲ್ಲದೆ ನಮ್ಮ ತೋಟದಲ್ಲಿ ನೆಟ್ಟರೆ ಅದು ಅಪರಾಧವೇ.

ದನಕ್ಕೆ ಭೇದಿಯಾದಾಗ ಕೊಡಲು ಒಂದೆರಡು ಗಿಡ ಇಟ್ಟುಕೊಳ್ಳುವ ರೂಢಿ ಮಲೆನಾಡಿನ ಹಳೆಯ ಕೊಟ್ಟಿಗೆಗಳಲ್ಲಿ ಇತ್ತು. ಅದನ್ನು ಮಾಡಿದ ಅಜ್ಜಂದಿರು ಕೆಟ್ಟವರಲ್ಲ. ಅವರ ಕಾಲದಲ್ಲಿ ಪಶುವೈದ್ಯರು ಇರಲಿಲ್ಲ, ಈ ಕಾನೂನೂ ಇರಲಿಲ್ಲ. ಈಗ ಎರಡೂ ಇವೆ. ದನಕ್ಕೆ ಹುಷಾರಿಲ್ಲದಿದ್ದರೆ 1962ಕ್ಕೆ ಫೋನ್ ಮಾಡಿ, ಸಂಚಾರಿ ಪಶು ಚಿಕಿತ್ಸಾ ವಾಹನಕ್ಕೆ ಕರೆ ಹೋಗುತ್ತದೆ.

8. ಶುಂಠಿಗೆ ಜಾಗ ಕೊಡುವ ಮುಂಚೆ ಕರಾರು ಬರೆಸಿ, ಕೊಟ್ಟ ಮೇಲೆ ಹೋಗಿ ನೋಡಿ

ಕೊಳ್ಳುವವರ ವಿಷಯದಲ್ಲಿ ಇದೇಕೆ ಎನ್ನಬಹುದು. ನಮ್ಮ ಮೂರೂ ತಾಲ್ಲೂಕುಗಳಲ್ಲಿ ಒಂದು ಚಿಟಿಕೆ ಗಾಂಜಾ ಕೊಳ್ಳದವರೂ ಪ್ರಕರಣಕ್ಕೆ ಸಿಕ್ಕಿಕೊಳ್ಳುವ ದಾರಿ ಇದು, ಅದಕ್ಕೆ.

ಗದ್ದೆಯನ್ನೋ ಖುಷ್ಕಿಯನ್ನೋ ವರ್ಷಕ್ಕೆ ಇಷ್ಟು ಎಂದು ಶುಂಠಿಗೆ ಗುತ್ತಿಗೆ ಕೊಡುತ್ತೀರಿ. ಮಾತುಕತೆ ಬಾಯಲ್ಲೇ ಮುಗಿಯುತ್ತದೆ. ಗುತ್ತಿಗೆದಾರ ಬೇರೆ ಊರಿನವ, ಕೆಲಸದವರು ಇನ್ನೆಲ್ಲಿಯವರೋ. ಪಟ್ಟಿಗಳ ನಡುವೆ, ಕಾಡಿನ ಅಂಚಿನ ಬೇಲಿಯ ಒಳಗೆ, ಶುಂಠಿ ಎಲೆಯ ಮರೆಯಲ್ಲಿ ನಾಲ್ಕೈದು ಗಿಡ ಎದ್ದರೆ ರಸ್ತೆಗೆ ಕಾಣುವುದಿಲ್ಲ. ಜೋಳದ ಹೊಲದಲ್ಲಂತೂ ಆಳೆತ್ತರದ ಗಿಡವೂ ಮರೆಯಾಗುತ್ತದೆ. ಅಬಕಾರಿಯವರು ಬಂದ ದಿನ ಮೊದಲು ನೋಡುವುದು ಪಹಣಿ. ಪಹಣಿಯಲ್ಲಿರುವುದು ನಿಮ್ಮ ಹೆಸರು.

ಕಾಯ್ದೆಯ 46ನೇ ಕಲಮಿನಂತೆ ತನ್ನ ಜಮೀನಿನಲ್ಲಿ ಅಕ್ರಮ ಬೆಳೆ ಇದ್ದರೆ ಕೂಡಲೇ ತಿಳಿಸುವುದು ಜಮೀನುದಾರನ ಹೊಣೆ. ಗೊತ್ತಿದ್ದೂ ತಿಳಿಸದಿದ್ದರೆ ಶಿಕ್ಷೆ. 25ನೇ ಕಲಮಿನಂತೆ ತನ್ನ ಜಾಗವನ್ನು ಇಂಥದ್ದಕ್ಕೆ ಬಳಸಲು ಗೊತ್ತಿದ್ದೂ ಬಿಟ್ಟವನು ಮುಖ್ಯ ಅಪರಾಧದ ಶಿಕ್ಷೆಗೇ ಗುರಿ. ನನಗೆ ಗೊತ್ತಿರಲಿಲ್ಲ ಎಂಬುದು ನಿಜವಿದ್ದರೂ ಅದನ್ನು ಹೇಳಲು ಆಧಾರ ಬೇಕು. ಆದ್ದರಿಂದ ಗುತ್ತಿಗೆ ಕರಾರು ಛಾಪಾ ಕಾಗದದ ಮೇಲೆ ಇರಲಿ. ಯಾವ ಬೆಳೆ, ಯಾವ ಸರ್ವೆ ನಂಬರ್, ಯಾವ ಅವಧಿ, ಗುತ್ತಿಗೆದಾರನ ಗುರುತಿನ ಚೀಟಿಯ ಪ್ರತಿ, ಎಲ್ಲವೂ ಬೇಕು. ಒಳಗೆ ಹೋಗಿ ನೋಡುವ ಹಕ್ಕು ನನಗಿದೆ ಎಂಬ ಸಾಲನ್ನೂ ಸೇರಿಸಿ. ಆಮೇಲೆ ನಿಜಕ್ಕೂ ಹೋಗಿ ನೋಡಿ. ಗೌಡ್ರೇ, ಭಟ್ರೇ ಎಂದು ಗೌರವದಿಂದ ಮಾತಾಡಿಸುವ ಗುತ್ತಿಗೆದಾರ ಬೇಲಿಯೊಳಗೆ ಬಿಡಲು ಹಿಂದೆಮುಂದೆ ನೋಡಿದರೆ ಅದೇ ಎಚ್ಚರಿಕೆ.

9. ನೋವಿಗೆ ನೋವಿನ ಚಿಕಿತ್ಸೆ ಕೇಳಿ

ನನ್ನ ಮಟ್ಟಿಗೆ ಈ ಬರಹದಲ್ಲಿ ಎಲ್ಲಕ್ಕಿಂತ ಮುಖ್ಯ ಸೂತ್ರ ಇದು. ಕ್ಯಾನ್ಸರಿನ ಕೊನೆಯ ಹಂತದಲ್ಲಿರುವ ಅಮ್ಮ ರಾತ್ರಿಯೆಲ್ಲ ನರಳುವುದನ್ನು ಕೇಳಲಾರದೆ ಪೊಟ್ಟಣ ಹುಡುಕಿಕೊಂಡು ಹೋಗುವ ಮಗ ಅಮಲಿನವನಲ್ಲ. ಅವನಿಗೆ ಸರಿಯಾದ ದಾರಿಯನ್ನು ಯಾರೂ ಹೇಳಿಲ್ಲ, ಅಷ್ಟೆ.

ದಾರಿ ಇದೆ. ಅಂಥ ನೋವಿಗೆ ಮಾರ್ಫಿನ್ ಮಾತ್ರೆ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಗಳ ಪಟ್ಟಿಯಲ್ಲಿರುವ ಔಷಧ ಅದು. ಎನ್‌ಡಿಪಿಎಸ್ ಕಾಯ್ದೆಯ ಬಿಗಿಯಿಂದಾಗಿ ವರ್ಷಗಳ ಕಾಲ ಆಸ್ಪತ್ರೆಗಳು ಅದನ್ನು ಇಟ್ಟುಕೊಳ್ಳಲೂ ಹೆದರುತ್ತಿದ್ದವು. 2014ರ ತಿದ್ದುಪಡಿ 'ಅತ್ಯಗತ್ಯ ಮಾದಕ ಔಷಧ' ಎಂಬ ಪ್ರತ್ಯೇಕ ವರ್ಗ ಮಾಡಿ, ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ದಾರಿ ಸುಲಭ ಮಾಡಿತು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆಯಲ್ಲಿ, ಮಣಿಪಾಲದ ಕಸ್ತೂರ್ಬಾ ಆಸ್ಪತ್ರೆಯಲ್ಲಿ ಉಪಶಾಮಕ ಆರೈಕೆಯ ವಿಭಾಗಗಳಿವೆ. ತೀರ್ಥಹಳ್ಳಿಯವರು ಹೇಗೂ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗುವವರೇ. ಕ್ಯಾನ್ಸರ್ ವಿಭಾಗಕ್ಕೆ ಹೋದ ದಿನವೇ ಉಪಶಾಮಕ ವಿಭಾಗವನ್ನೂ ಕೇಳಿ ಬನ್ನಿ. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗುವವರು ಅಲ್ಲಿನ ವೈದ್ಯರನ್ನು ನೇರವಾಗಿ ಕೇಳಿ: "ಡಾಕ್ಟ್ರೇ, ಅಮ್ಮಂಗೆ ನೋವು ತಡೆಯೋಕೆ ಆಗ್ತಿಲ್ಲ, ಮಾರ್ಫಿನ್ ಕೊಡಬಹುದಾ?" ಹೀಗೆ ಕೇಳುವುದು ತಪ್ಪಲ್ಲ. ಕೇಳದೆ ಹೋದರೆ ಎಷ್ಟೋ ಬಾರಿ ಆ ಮಾತೇ ಬರುವುದಿಲ್ಲ.

ಮಾರ್ಫಿನ್ ಶುರುವಾದರೆ ಅಳತೆ ನಿಶ್ಚಿತ, ಹೊತ್ತು ನಿಶ್ಚಿತ. ಸಾಮಾನ್ಯ ಮಾತ್ರೆಯನ್ನು ನಾಲ್ಕು ಗಂಟೆಗೊಮ್ಮೆ ಕೊಡುವುದು ರೂಢಿ. ಮಲಬದ್ಧತೆ ಖಂಡಿತ ಆಗುತ್ತದೆ, ಅದಕ್ಕೂ ಔಷಧವನ್ನು ಜೊತೆಯಲ್ಲೇ ಬರೆಸಿಕೊಳ್ಳಿ. ಸೊಂಟ, ಮಂಡಿ, ನರದ ನೋವುಗಳಿಗೆ ಮಾರ್ಫಿನ್ ಬೇಕಾಗುವುದು ಅಪರೂಪ. ಅವಕ್ಕೆ ವ್ಯಾಯಾಮ, ನರನೋವಿನ ಮಾತ್ರೆ, ಫಿಸಿಯೋಥೆರಪಿ ಇವೆ. ಅವನ್ನು ಸರಿಯಾಗಿ ಪ್ರಯತ್ನಿಸದೆ ವಿಜಯಾ ಎಣ್ಣೆಗೆ ಹಾರಬೇಡಿ.

10. ಹರೆಯದವರ ಜೊತೆ ಹೆದರಿಸದೆ ಮಾತಾಡಿ, ಆದರೆ ಎಲ್ಲವನ್ನೂ ಹೇಳಿ

ಮಿದುಳು ಪೂರ್ತಿ ಬೆಳೆಯುವುದು ಇಪ್ಪತ್ತೈದರ ಸುಮಾರಿಗೆ. ಅದಕ್ಕೆ ಮುಂಚೆ ಆಗಾಗ ಗಾಂಜಾ ಸೇದುವವರಲ್ಲಿ ಭ್ರಮೆ, ಸಂಶಯದ ಮನೋರೋಗದ ಅಪಾಯ ಹೆಚ್ಚು. ನೆನಪು, ಓದು ಕುಗ್ಗುತ್ತವೆ. ಇದನ್ನು ಮನೆಯಲ್ಲಿ ಶಾಂತವಾಗಿ ಹೇಳಬಹುದು.

ಇದನ್ನೂ ಹೇಳಿ: ಶಿವಮೊಗ್ಗ ಜಿಲ್ಲೆಯಲ್ಲಿ ಅನುಮಾನ ಬಂದ ಯುವಕರನ್ನು ಪೊಲೀಸರು ವೈದ್ಯಕೀಯ ಪರೀಕ್ಷೆಗೆ ಕರೆದೊಯ್ದು, ಸೇವನೆ ದೃಢಪಟ್ಟರೆ ಪ್ರಕರಣ ದಾಖಲಿಸುವುದು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುವ ಸುದ್ದಿ. ಜೇಬು ಖಾಲಿ ಇದ್ದರೂ ಮೂತ್ರದಲ್ಲಿ ಅಂಶ ಉಳಿದಿರುತ್ತದೆ, ನಿತ್ಯ ಸೇದುವವರಲ್ಲಿ ವಾರಗಳ ಕಾಲ. ಸೇವನೆಗೆ 27ನೇ ಕಲಮಿನಡಿ ಆರು ತಿಂಗಳವರೆಗೆ ಸಜೆ, ಇಲ್ಲವೇ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ದಂಡ ಕಟ್ಟಿ ಮುಗಿಯಿತು ಎನ್ನುವಂತಿಲ್ಲ. ಪಾಸ್‌ಪೋರ್ಟ್, ಸರ್ಕಾರಿ ನೌಕರಿಯ ಪೊಲೀಸ್ ಪರಿಶೀಲನೆಯಲ್ಲಿ ಅದು ಎದುರಿಗೆ ಬಂದು ನಿಲ್ಲುತ್ತದೆ.

ವಿದೇಶದಲ್ಲಿರುವ ಮಕ್ಕಳಿಗೂ ಎರಡು ಮಾತು. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ವಯಸ್ಕರಿಗೆ ಗಾಂಜಾ ಮುಕ್ತ. ಆದರೂ ಕಾಯಿಲೆಗಾಗಿ ಬೇಕೆನ್ನುವವರು ವೈದ್ಯರ ಮೂಲಕ ಔಷಧದ ದಾರಿಯಲ್ಲೇ ಹೋಗುವುದು ಒಳ್ಳೆಯದು. ಪ್ರಮಾಣ ದಾಖಲಾಗುತ್ತದೆ, ಬೇರೆ ಮಾತ್ರೆಗಳ ಜೊತೆ ಹೊಂದುತ್ತದೆಯೇ ಎಂದು ನೋಡುವವರು ಇರುತ್ತಾರೆ. ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ 1996ರಲ್ಲಿ ಔಷಧಕ್ಕೆ, 2016ರಲ್ಲಿ ವಯಸ್ಕರ ಬಳಕೆಗೆ ಒಪ್ಪಿದ್ದರೂ ಕೇಂದ್ರದ ಕಾನೂನು ಒಪ್ಪಿಲ್ಲ. ವೀಸಾದಲ್ಲಿರುವವರಿಗೆ, ಗ್ರೀನ್ ಕಾರ್ಡ್‌ಗೆ ಕಾದಿರುವವರಿಗೆ ರಾಜ್ಯದ ಅನುಮತಿ ವಲಸೆ ಅಧಿಕಾರಿಯ ಮುಂದೆ ರಕ್ಷಣೆಯಾಗದು. ಊರಿಗೆ ಬರುವಾಗ ಅಪ್ಪನ ನೋವಿಗೆಂದು ಗಮ್ಮಿ, ಎಣ್ಣೆ, ವೇಪ್ ಏನನ್ನೂ ತರಬೇಡಿ. ಅಲ್ಲಿ ಬಿಲ್ ಕೊಟ್ಟು ಕೊಂಡದ್ದೇ ಇರಲಿ, ವಿಮಾನ ನಿಲ್ದಾಣದಲ್ಲಿ ಅದು ಮಾದಕ ವಸ್ತುವಿನ ಆಮದು. ಸಿಂಗಪುರದ ಮೂಲಕ ಬರುವವರಂತೂ ತೀರಾ ಎಚ್ಚರವಾಗಿರಬೇಕು, ಅಲ್ಲಿ 500 ಗ್ರಾಂ ಮೀರಿದ ಗಾಂಜಾ ಸಾಗಣೆಗೆ ಮರಣದಂಡನೆ ಇದೆ.

11. ಬಿಡಬೇಕು ಎನಿಸಿದ ದಿನವೇ ಬಾಗಿಲು ತಟ್ಟಿ

ಕಾಯ್ದೆಯಲ್ಲಿ 64ಎ ಎಂಬ ಕಲಮಿದೆ. ಸೇವನೆಯ ಅಥವಾ ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿಬಿದ್ದ ವ್ಯಸನಿ, ತಾನಾಗಿ ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆ ಕೇಳಿ ಅದನ್ನು ಪೂರ್ತಿ ಮಾಡಿದರೆ ಆ ಪ್ರಕರಣದಲ್ಲಿ ಅವನ ಮೇಲೆ ವಿಚಾರಣೆ ನಡೆಯುವುದಿಲ್ಲ. ಅರ್ಧಕ್ಕೆ ಬಿಟ್ಟರೆ ಈ ರಕ್ಷಣೆ ಹೋಗಬಹುದು. ಇದನ್ನು ಎಷ್ಟೋ ಅಪ್ಪ ಅಮ್ಮಂದಿರು ಕೇಳಿಯೇ ಇರುವುದಿಲ್ಲ. ವಕೀಲರ ಮುಂದೆ ಈ ಕಲಮಿನ ಹೆಸರೆತ್ತಿ. ವಕೀಲರಿಗೆ ಕೊಡಲು ದುಡ್ಡಿಲ್ಲದಿದ್ದರೆ ತಾಲ್ಲೂಕಿನ ನ್ಯಾಯಾಲಯದಲ್ಲೇ ಕಾನೂನು ಸೇವಾ ಸಮಿತಿ ಇದೆ, ಸಹಾಯವಾಣಿ 15100.

ನಿಲ್ಲಿಸಿದ ಮೊದಲ ಒಂದೆರಡು ವಾರ ನಿದ್ದೆ ಬಾರದು, ಸಿಡುಕು, ಊಟ ಸೇರದು. ಅದು ಬಿಡುವುದರ ಭಾಗ, ಹುಡುಗ ಕೆಟ್ಟನೆಂಬುದರ ಗುರುತಲ್ಲ. ಆ ದಿನಗಳಲ್ಲಿ ಅವನನ್ನು ಬೈದು ಮನೆಯಿಂದ ಹೊರಗೆ ಕಳಿಸಬೇಡಿ. ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಂಖ್ಯೆ 14416, ಕನ್ನಡದಲ್ಲೇ ಮಾತಾಡುತ್ತಾರೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446. ಊರಿನಲ್ಲಿ ಯಾರಾದರೂ ಹುಡುಗರಿಗೆ ಪೊಟ್ಟಣ ಮಾರುತ್ತಿದ್ದರೆ 1933ಕ್ಕೆ ಹೇಳಿ, ನಿಮ್ಮ ಹೆಸರು ಹೇಳಬೇಕಾಗಿಲ್ಲ.